ಆರೂ ಗಂಡು ಗುಬ್ಬಿಯೇ?

ಇದು ಮೊನ್ನೆ ರಾತ್ರಿ ಬೆಳಗಾವಿಯ ನಮ್ಮ ಟಿಳಕವಾಡಿ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ಅಣ್ಣನ ಮಗಳ ಮದುವೆಗೆ ಇನ್ನು ಮೂರು ವಾರ. ರುಖವತದಲ್ಲಿ, ಅಂದರೆ ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೈಕೆಲಸ ಜೋಡಿಸಿಡುವ ಕಡೆ, ಇಡಲು ನಾನೊಂದು ದುಂಡು ಕ್ರೋಶಾ ರುಮಾಲು ಹೆಣೆದಿದ್ದೆ. 20 ನಂಬರ್ ಬಿಳಿ ದಾರ, ಒಟ್ಟು 26 ಸುತ್ತು. ಅಂಚಿಗೆ ಆರು ಗುಬ್ಬಿ, ಹತ್ತಿ ತುಂಬಿದವು, ಈಗಷ್ಟೇ ಹಾರಿ ಬಂದು ಕೂತ ಹಾಗೆ. ಫೋಟೋ ಹಾಕಿದೆ. ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಕಳಿಸದ ಕಾಕಾ ಕೂಡ ಹೆಬ್ಬೆರಳು ಒತ್ತಿದರು. ಆಮೇಲೆ ವಿಜಯಪುರದ ಕಾಕು, ಅಂದರೆ ಚಿಕ್ಕಮ್ಮ, ಬಂದರು.

ಕಾಕು: ಗುಬ್ಬಿ ಚೆನ್ನಾಗಿವೆ. ನಡುವೆ ಯಾಕೆ ಗೋಳಗುಮ್ಮಟ ಕಟ್ಟಿದ್ದೀ?

ಅಣ್ಣ: ಒಳಗೆ ಕೂಗಿದರೆ ಮರುದನಿ ಬರುತ್ತದಾ ನೋಡು 😂

ನಾನು: ಸರಿಯಾಗಿ ಹರವಿಲ್ಲ ಕಾಕು, ಅದಕ್ಕೆ ಹಾಗೆ ಕಾಣುತ್ತಿದೆ.

ಕಾಕು: ಅಂಗೈಯಿಂದ ಒತ್ತಿ ಇನ್ನೊಂದು ಫೋಟೋ ಹಾಕು.

(ಒತ್ತಿದೆ. ಕೈ ತೆಗೆದ ಕೂಡಲೇ ಮತ್ತೆ ಎದ್ದಿತು. ಫೋಟೋ ಹಾಕಲಿಲ್ಲ.)

ಬಾಗಲಕೋಟೆ ಮೌಶಿ (ತಾಯಿಯ ಕಡೆಯ ಚಿಕ್ಕಮ್ಮ): ಪ್ರತಿ ಸುತ್ತಿಗೆ ಎಷ್ಟು ಕಂಬ ಹೆಚ್ಚಿಸಿದ್ದೀ?

(ಕಂಬ ಅಂದರೆ ಕ್ರೋಶಾದ ಒಂದೊಂದು ಹೆಣಿಗೆ.)

ನಾನು: ಮೊದಲು 6ರಿಂದ ಶುರು, 4ನೇ ಸುತ್ತಿನ ತನಕ ಆರಾರು. ಬಟ್ಟಲಾಗುವುದು ಕಂಡು 5ನೇ ಸುತ್ತಿನಿಂದ 12 ಮಾಡಿದೆ. ನಮೂನೆಯಲ್ಲಿ 'ಡಬಲ್' ಕಂಬ ಅಂತ ಇತ್ತು, ಹಾಗೇ ಹಾಕಿದ್ದೇನೆ.

ಮೌಶಿ: ಯಾರ ಡಬಲ್? ಅಮೆರಿಕದವರು ಡಬಲ್ ಅನ್ನುವುದಕ್ಕೆ ಇಂಗ್ಲೆಂಡಿನವರು ಟ್ರೆಬಲ್ ಅನ್ನುತ್ತಾರೆ. ಇಂಗ್ಲೆಂಡಿನ ಡಬಲ್ ಅಂದರೆ ಕುಳ್ಳ ಕಂಬ. ಅದಕ್ಕೆ ಸುತ್ತಿಗೆ 6 ಸಾಕು. ನೀನು ಹಾಕಿದ್ದು ಉದ್ದ ಕಂಬ, ಅದಕ್ಕೆ ಮೊದಲಿನಿಂದಲೇ 12 ಬೇಕಿತ್ತು, ಇಲ್ಲದಿದ್ದರೆ ನಡು ಉಬ್ಬುತ್ತದೆ.

ಅಣ್ಣ: ಅಂದರೆ ತಪ್ಪು ಇಂಗ್ಲೆಂಡಿನದು. ಮುಗೀತು.

ಕಾಕು: ಬಿಚ್ಚು.

ಮದುಮಗಳು: ಅಜ್ಜಿ, ಬೇಡ!! ಕ್ರೋಶಾ ಹೊರಗಿನಿಂದ ಒಳಗೆ ಬಿಚ್ಚಬೇಕು. ನಡುವಿನ ತಪ್ಪಿಗೆ 26 ಸುತ್ತೂ ಹೋಗುತ್ತವೆ. ಅತ್ಯಾ ಒಂದೊಂದು ಗುಬ್ಬಿಗೆ ಎರಡೆರಡು ಸಂಜೆ ಕೂತಿದ್ದಾಳೆ.

ನಾನು: ಮೈ ಬೇರೆ, ರೆಕ್ಕೆ ಬೇರೆ, ಬಾಲ ಬೇರೆ ಹೆಣೆದು ಜೋಡಿಸಿದ್ದು. ಮೊದಲು ಜಾಳಿಯ ಮೇಲೆ ಹೊಲಿದಿದ್ದೆ. ಭಾರಕ್ಕೆ ಮೂಗು ಕೆಳಗೆ ಮಾಡಿ ಬಿದ್ದವು. ಆಮೇಲೆ ಒತ್ತಾಗಿ ಹೆಣೆದ ಸುತ್ತಿಗೆ ಕಾಲು ಹೊಲಿದೆ, ಆಗ ನಿಂತವು.

ವೈನಿ (ಅಣ್ಣನ ಹೆಂಡತಿ): ಸಾಬೂದಾಣಿ ಗಂಜಿ ಹಾಕಿ, ಥರ್ಮೋಕೋಲ್ ಮೇಲೆ ಪಿನ್ ಚುಚ್ಚಿ ಒಣಗಿಸಿದರೆ ಕೂರುವುದಿಲ್ಲವೇ?

ಮೌಶಿ: ಸ್ವಲ್ಪ ಉಬ್ಬಿದ್ದರೆ ಕೂರುತ್ತದೆ. ಇದು ಕೂರುವಂಥದ್ದಲ್ಲ. ರೆಕ್ಕೆ ಮಾತ್ರ ಸಕ್ಕರೆ ಪಾಕದಲ್ಲಿ ಅದ್ದಿ ಒಣಗಿಸು, ಕಟ್ಟಿಗೆಯ ಹಾಗೆ ನಿಲ್ಲುತ್ತದೆ.

ವೈನಿ: ಬೇಡವೇ ಬೇಡ. ಇರುವೆಗಳಿಗೆ ಬೇರೆ ಪತ್ರಿಕೆ ಹಂಚಬೇಕಾಗುತ್ತದೆ.

ಕಾಕು: ಇಷ್ಟೆಲ್ಲಾ ಯಾಕೆ? ಕಸೂತಿಯಲ್ಲಿ ನವಿಲು ಇಲ್ಲವೇ, ಗಿಳಿ ಇಲ್ಲವೇ? ಬಟ್ಟೆಗೆ ಅಂಟಿಕೊಂಡೇ ಇರುತ್ತವೆ. ಗವಂತಿ ಹೊಲಿಗೆಯಲ್ಲಿ ಮಾಡಿದ್ದನ್ನು ತಿರುವಿ ನೋಡು, ಹಿಂದೆಯೂ ಅದೇ ನವಿಲು. ಒಂದು ಗಂಟೂ ಇರುವುದಿಲ್ಲ. ನಿನ್ನದರ ಹಿಂದೆ ಏನಿದೆ?

ನಾನು: ಹಿಂದೆ ಯಾರು ನೋಡುತ್ತಾರೆ ಕಾಕು?

ಕಾಕು: ಬೀಗತಿ ನೋಡುತ್ತಾರೆ. ನಿನ್ನ ವೈನಿಯ ರುಖವತದಲ್ಲಿ ನಾನು ಎಲ್ಲಾ ತಿರುವಿ ನೋಡಿದ್ದೆ.

(ವೈನಿ ಟೈಪ್ ಮಾಡುತ್ತಿದ್ದಾರೆ ಅಂತ ತುಂಬಾ ಹೊತ್ತು ಬಂತು. ಆಮೇಲೆ ನಿಂತಿತು. ಏನೂ ಬರಲಿಲ್ಲ.)

ಮೌಶಿ: ಅಕ್ಕಾರೇ, ಕಸೂತಿ ಸೀರೆಗೆ. ಇದು ಟೀಪಾಯಿಗೆ. ಸೆರಗಿನ ಮೇಲೆ ಹತ್ತಿ ತುಂಬಿದ ಗುಬ್ಬಿ ಕೂರಿಸಿ ಅಂತ ಯಾರೂ ಹೇಳುತ್ತಿಲ್ಲವಲ್ಲ.

ಕಾಕು: ಟೀಪಾಯಿ ಮೇಲೆ ಅಂದರೆ ಚಹಾ ಚೆಲ್ಲುತ್ತದೆ. ತೊಳೆದರೆ ಒಳಗಿನ ಹತ್ತಿ ಗಡ್ಡೆ ಕಟ್ಟುತ್ತದೆ. ಆಗ ಏನು ಮಾಡುತ್ತಾಳೆ?

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಟ್ಟದ್ದು ವೈನಿ. ಸಿಟ್ಟಿನಲ್ಲಿದ್ದರೂ.

ವೈನಿ: ಕಾಲಿನ ಹತ್ತಿರ ಪ್ರೆಸ್ ಬಟನ್ ಹಾಕಲಿ. ತೊಳೆಯುವಾಗ ಗುಬ್ಬಿ ಬಿಚ್ಚಿಟ್ಟರಾಯಿತು.

ಕಾಕು: ಇದು ಬುದ್ಧಿ.

ಕಾಕು: ಇನ್ನೊಂದು. ಆರಕ್ಕೂ ಗಂಟಲಿಗೆ ಕಪ್ಪು ದಾರ ಹಾಕಿದ್ದೀ. ಕಪ್ಪು ಇರುವುದು ಗಂಡು ಗುಬ್ಬಿಗೆ. ಆರೂ ಗಂಡೇನು? ಮದುವೆ ಮನೆಯಲ್ಲಿ ಇಡುವುದಲ್ಲವೇ ಇದು?

ಅಣ್ಣ: ಗಂಡಿನ ಕಡೆಯವರು ಬಂದಿದ್ದಾರೆ ಅನ್ನು 😂😂

(ಗುಬ್ಬಿಯ ಫೋಟೋ ನೋಡಿಕೊಂಡೇ ಹೆಣೆದಿದ್ದೆ. ಒಂದೇ ಫೋಟೋ.)

ನಾನು: ಮೂರಕ್ಕೆ ಕಪ್ಪು ಬಿಚ್ಚಿ ಕಂದು ಹಾಕುತ್ತೇನೆ. ನಡುವಿನ ಗುಮ್ಮಟಕ್ಕೆ ಏನು ಮಾಡಲಿ, ಅದನ್ನು ಹೇಳಿ.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಕಾಕಾ ಗುಡ್ ನೈಟ್ ಗುಲಾಬಿ ಕಳಿಸಿದರು.

ಕಾಕು: ಪೂರ್ತಿ ಬಿಚ್ಚಬೇಡ. 4ನೇ ಸುತ್ತಿನಲ್ಲಿ 24 ಕಂಬ ಇವೆ ಅಲ್ವಾ? ಸರಿಯಾಗಿ ಹೆಣೆದಿದ್ದರೆ 24 ಬರುತ್ತಿದ್ದುದು 2ನೇ ಸುತ್ತಿಗೆ. 12, 24, ಅಷ್ಟೇ. ನೀನು ಎರಡು ಸುತ್ತು ಜಾಸ್ತಿ ಹಾಕಿದ್ದೀ, ಅದು ಮೇಲೆ ಎದ್ದಿದೆ. 5ನೇ ಸುತ್ತಿನ ಬುಡಕ್ಕೆ ಕೆಂಪು ದಾರ ಓಡಿಸಿ ಗುರುತು ಮಾಡಬೇಕು. ಅದರ ಒಳಗಿನದನ್ನು ಕತ್ತರಿಸಿ ತೆಗೆದು, ಎರಡು ಸುತ್ತಿನ ಹೊಸ ನಡು ಹೆಣೆದು ಸೇರಿಸಬೇಕು. ಚಪ್ಪಟೆ ಕೂರುತ್ತದೆ.

ಮೌಶಿ: ಅಕ್ಕಾರೇ, ನಿಮಗೆ ಕ್ರೋಶಾ ಬರುತ್ತದಾ?!

ಕಾಕು: ಬರುವುದಿಲ್ಲ ಅಂತ ಯಾವಾಗ ಹೇಳಿದೆ?

ಮದುಮಗಳು: ಅಜ್ಜಿ ❤️ ನಿಮ್ಮ ಹತ್ತಿರ ನೀವು ಹೆಣೆದದ್ದು ಇದೆಯಾ? ಫೋಟೋ ಹಾಕಿ.

ಕಾಕು: ಶನಿವಾರ ಬಸ್ಸಿಗೆ ಬರುತ್ತೇನೆ. ಗುಬ್ಬಿ ಬಿಚ್ಚಿ ಡಬ್ಬಿಯಲ್ಲಿ ಇಟ್ಟಿರು. ಗಣಪತ ಗಲ್ಲಿಯಿಂದ ಅದೇ ನಂಬರಿನ ದಾರ ತಂದಿಡು. ನಾನು ಬರುವ ತನಕ ಕತ್ತರಿ ಮುಟ್ಟಬೇಡ.