ಬೆಂಗಳೂರು–ದೆಹಲಿ ವಿಮಾನ: 1,700 ಕಿ.ಮೀ. ದೂರಕ್ಕೆ ಇಷ್ಟು ಹೊತ್ತು ಏಕೆ?

ಪ್ರಶ್ನೆ (ವಿರಾಜಪೇಟೆ)

ಅರೇಬಿಕಾ ಕುಯ್ಲು ಮುಗಿದ ಮೇಲೆ, ಜನವರಿಯಲ್ಲಿ, ನಮ್ಮ ಅವ್ವನನ್ನು ದೆಹಲಿಯಲ್ಲಿ ಸೇನೆಯಲ್ಲಿರುವ ತಮ್ಮನ ಮನೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅವ್ವನಿಗೆ 71 ವರ್ಷ, ಮಂಡಿನೋವು ಬೇರೆ. ಬೆಂಗಳೂರಿನಿಂದ ದೆಹಲಿಗೆ ವಾಯುಮಾರ್ಗದಲ್ಲಿ ಸುಮಾರು 1,700 ಕಿ.ಮೀ. ಎಂದು ಓದಿದೆ. ಗಂಟೆಗೆ 850 ಕಿ.ಮೀ. ವೇಗವೆಂದರೆ ಎರಡು ಗಂಟೆ ಸಾಕಲ್ಲವೇ? ಟಿಕೆಟಿನಲ್ಲಿ 2 ಗಂಟೆ 50 ನಿಮಿಷ ಎಂದಿದೆ. ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣ ನಮಗೆ 60 ಕಿ.ಮೀ. ಆಸುಪಾಸಿನಲ್ಲಿದೆ. ಆದರೆ ನಾನು ನೋಡಿದ ದಿನಾಂಕಗಳಲ್ಲಿ ಅಲ್ಲಿಂದ ಹೊರಟರೆ ನಡುವೆ ಒಮ್ಮೆ ವಿಮಾನ ಬದಲಿಸಬೇಕು. ಯಾವುದು ವಾಸಿ?

ಉತ್ತರ (ಮಡಿಕೇರಿ)

ಟಿಕೆಟಿನಲ್ಲಿರುವುದು ಬರೀ ಹಾರಾಟದ ಹೊತ್ತಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ದೆಹಲಿಯಲ್ಲಿ ಪುನಃ ನಿಲ್ಲುವವರೆಗಿನ ಹೊತ್ತು ಅದು. ಕಳೆದ ಬಾರಿ ಕಿಟಕಿಯ ಪಕ್ಕ ಕುಳಿತು ಗಡಿಯಾರ ನೋಡಿ ಬರೆದುಕೊಂಡಿದ್ದೆ: 11.10ಕ್ಕೆ ಕದಲಿತು, 11.28ಕ್ಕೆ ಚಕ್ರ ನೆಲ ಬಿಟ್ಟಿತು, 1.47ಕ್ಕೆ ನೆಲ ಮುಟ್ಟಿತು, 2 ಗಂಟೆಗೆ ನಿಂತಿತು. ಅಂದರೆ ಆಕಾಶದಲ್ಲಿದ್ದುದು 2 ಗಂಟೆ 19 ನಿಮಿಷ ಮಾತ್ರ. ಅದರಲ್ಲಿಯೂ 850ರ ವೇಗ ಮೇಲೇರಿ ಸಮನಾಗಿ ಹಾರುವಾಗ ಮಾತ್ರ ಇರುತ್ತದೆ. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ, ಹತ್ತು ಸಾವಿರ ಅಡಿಯ ಕೆಳಗಂತೂ ಸಾಮಾನ್ಯವಾಗಿ ಗಂಟೆಗೆ ಸುಮಾರು 460 ಕಿ.ಮೀ. ಮೀರುವುದಿಲ್ಲ. ಬೆಂಗಳೂರು, ದೆಹಲಿ ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿರುವುದರಿಂದ ದಾರಿ ಬಹುತೇಕ ನೇರ ಉತ್ತರಕ್ಕೆ. ಆದರೂ ಇಳಿಯುವ ಸರದಿಗಾಗಿ ದೆಹಲಿಯ ಹತ್ತಿರ ಸುತ್ತು ಹಾಕಬೇಕಾಗಬಹುದು, ಅದನ್ನೂ ಲೆಕ್ಕಕ್ಕೆ ಹಿಡಿದೇ ವೇಳಾಪಟ್ಟಿ ಮಾಡುತ್ತಾರೆ.

ಉತ್ತರ (ಗೋಣಿಕೊಪ್ಪ)

ನಿಮ್ಮ ಅವ್ವನಿಗೆ ಆಯಾಸವಾಗುವುದು ಆಕಾಶದಲ್ಲಿ ಅಲ್ಲ, ರಸ್ತೆಯಲ್ಲಿ ಎಂಬುದನ್ನು ದಯವಿಟ್ಟು ಮರೆಯಬೇಡಿ. ವಿರಾಜಪೇಟೆಯಿಂದ ಹುಣಸೂರು, ಮೈಸೂರು ದಾಟಿ, ಬೆಂಗಳೂರನ್ನು ಹಾಯ್ದು ದೇವನಹಳ್ಳಿ ಸೇರಲು 280 ಕಿ.ಮೀ. ಹತ್ತಿರ ಆಗುತ್ತದೆ. ಮೈಸೂರು–ಬೆಂಗಳೂರು ಹೊಸ ಹೆದ್ದಾರಿ ಬಂದ ಮೇಲೂ ಏಳು ಗಂಟೆ ಇಟ್ಟುಕೊಳ್ಳಬೇಕು. ಚೆಕ್‌–ಇನ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಎರಡು ಗಂಟೆ ಮುಂಚೆ ಅಲ್ಲಿರುವುದು ಒಳ್ಳೆಯದು. ನನ್ನ ಸಲಹೆ: ಹಿಂದಿನ ದಿನವೇ ಮೈಸೂರಿಗೆ ಬಂದು ತಂಗಿ, ಬೆಳಿಗ್ಗೆ ಕೆಎಸ್ಸಾರ್ಟಿಸಿಯ ಫ್ಲೈಬಸ್ ಹಿಡಿಯಿರಿ, ಅದು ನೇರವಾಗಿ ವಿಮಾನ ನಿಲ್ದಾಣಕ್ಕೇ ಹೋಗುತ್ತದೆ.

ಪೆರುಂಬಾಡಿಯಿಂದ ಮಾಕುಟ್ಟ, ಇರಿಟ್ಟಿ ಮಾರ್ಗವಾಗಿ ಮಟ್ಟನ್ನೂರಿಗೆ ಎರಡು ಗಂಟೆಯ ದಾರಿ. ಮಳೆಗಾಲದಲ್ಲಾದರೆ ನಾನು ಬೇಡವೆನ್ನುತ್ತಿದ್ದೆ, 2018ರ ಜೂನ್‌ನಲ್ಲಿ ಆ ಘಾಟಿ ಕುಸಿದು ಸಂಚಾರವೇ ನಿಂತಿತ್ತು. ಜನವರಿಯಲ್ಲಿ ಆ ಭಯವಿಲ್ಲ. ನೇರ ವಿಮಾನ ಸಿಕ್ಕಿದರೆ ಕಣ್ಣೂರೇ ಸರಿ. ಅಲ್ಲಿಂದ ದೆಹಲಿ ಸುಮಾರು 1,850 ಕಿ.ಮೀ., ಅಂದರೆ ಹತ್ತು ಹನ್ನೆರಡು ನಿಮಿಷ ಹೆಚ್ಚು, ಅಷ್ಟೇ. ವಿಮಾನ ಬದಲಿಸಬೇಕಾದರೂ, ನಡುವೆ ಕಾಯುವುದು ಮೂರು ಗಂಟೆಯೊಳಗಿದ್ದರೆ ನಾನು ಅದನ್ನೇ ಆರಿಸುತ್ತೇನೆ.

ಉತ್ತರ (ಸೋಮವಾರಪೇಟೆ)

ಒಂದು ಮಾತು ಸೇರಿಸುತ್ತೇನೆ. ಜನವರಿಯಲ್ಲಿ ದೆಹಲಿಯ ಮಂಜು ನಮ್ಮ ತೋಟದ ಮಂಜಿನಂತಲ್ಲ, ರಾತ್ರಿಯಿಂದ ಬೆಳಿಗ್ಗೆ ಹತ್ತರವರೆಗೂ ವಿಮಾನಗಳನ್ನು ತಡೆದು ನಿಲ್ಲಿಸುತ್ತದೆ. ಮಧ್ಯಾಹ್ನ ದೆಹಲಿ ತಲುಪುವ ವಿಮಾನವನ್ನೇ ಹಿಡಿಯಿರಿ. ಟಿಕೆಟ್ ಮಾಡುವಾಗಲೇ ಅವ್ವನಿಗೆ ಗಾಲಿಕುರ್ಚಿ ಬೇಕೆಂದು ತಿಳಿಸಿದರೆ ಸಿಬ್ಬಂದಿಯೇ ವಿಮಾನದ ಬಾಗಿಲವರೆಗೆ ಕರೆದೊಯ್ಯುತ್ತಾರೆ.

ಪ್ರಶ್ನೆ ಕೇಳಿದವರು (ವಿರಾಜಪೇಟೆ)

ಎಲ್ಲರಿಗೂ ಧನ್ಯವಾದಗಳು. ಕಣ್ಣೂರಿನಿಂದ ಎರಡೂವರೆ ಗಂಟೆ ಮಾತ್ರ ಕಾಯಬೇಕಾದ, ಮಧ್ಯಾಹ್ನ ಮೂರಕ್ಕೆ ದೆಹಲಿ ಸೇರುವ ಟಿಕೆಟ್ ಸಿಕ್ಕಿತು. ಗಾಲಿಕುರ್ಚಿಯನ್ನೂ ಬರೆಸಿದ್ದೇನೆ.