ಚಳಿಗಾಲದ ವಾರಾಂತ್ಯ, ಉಲ್ಲನ್ ಉಂಡೆ, ಎರಡು ದೊಡ್ಡ ನಾಯಿ: ಹೇಗೆ ನಿಭಾಯಿಸುತ್ತೀರಿ?

ಕೇಳಿದವರು:
ಈ ಶನಿವಾರ, ಭಾನುವಾರ ಎಲ್ಲಿಗೂ ಹೋಗುವುದಿಲ್ಲ. ಹೊರಗೆ ಚಳಿ, ಮನೆಗೆ ಬರುವವರೂ ಇಲ್ಲ. ಒಂದು ಕಂಬಳಿ ಹೆಣೆಯಲು ಶುರು ಮಾಡೋಣ ಅಂತ ಆಸೆ. ಆದರೆ ಮನೆಯಲ್ಲಿ ಎರಡು ದೊಡ್ಡ ನಾಯಿಗಳಿವೆ. ಜರ್ಮನ್ ಶೆಫರ್ಡ್‌ಗೆ ಐದು ವರ್ಷ. ಲ್ಯಾಬ್ರಡಾರ್‌ಗೆ ಇನ್ನೂ ಒಂದು ತುಂಬಿಲ್ಲ. ನಾನು ಕಡ್ಡಿ ಹಿಡಿದರೆ ಸಾಕು, ಒಂದು ಬಂದು ಮಡಿಲಲ್ಲಿ ತಲೆ ಇಡುತ್ತದೆ, ಇನ್ನೊಂದು ಉಂಡೆ ಕಚ್ಚಿಕೊಂಡು ಓಡುತ್ತದೆ. ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಲು ಮನಸ್ಸಿಲ್ಲ. ಅವೂ ಜೊತೆಗಿರಬೇಕು, ಹೆಣಿಗೆಯೂ ಸಾಗಬೇಕು. ನೀವೆಲ್ಲ ಏನು ಮಾಡುತ್ತೀರಿ?

ಲ್ಯಾಬ್‌ಗಳನ್ನು ಸಾಕಿದವರು:
ಮೊದಲು ನಾಯಿ, ಆಮೇಲೆ ಉಲ್ಲನ್. ನಿಮ್ಮ ಇಡೀ ದಿನ ಬೆಳಗಿನ ವಾಕಿಂಗ್ ಮೇಲೆ ನಿಂತಿದೆ. ಚಳಿ ಅಂತ ಗೇಟಿನ ತನಕ ಹೋಗಿ ವಾಪಸ್ ಬಂದರೆ ಮಿಕ್ಕ ಶಕ್ತಿಯೆಲ್ಲ ನಿಮ್ಮ ಉಂಡೆಯ ಮೇಲೇ ಬೀಳುತ್ತದೆ. ಹಾಗಂತ ಓಡಿಸಬೇಕು ಅಂತೇನಿಲ್ಲ. ಬೆಲ್ಟ್ ಸಡಿಲ ಬಿಟ್ಟು ನಿಧಾನಕ್ಕೆ ನಡೆಯಿರಿ. ಎಲ್ಲಿ ಮೂಸಬೇಕು ಅನ್ನುತ್ತವೋ ಅಲ್ಲೆಲ್ಲ ನಿಂತು ಮೂಸಲು ಬಿಡಿ. ಮೂಗಿಗೆ ಚೆನ್ನಾಗಿ ಕೆಲಸ ಸಿಕ್ಕ ನಾಯಿ ಮನೆಗೆ ಬಂದು ತಾನಾಗಿ ಮಲಗುತ್ತದೆ. ನಿಮ್ಮ ಮರಿ ಲ್ಯಾಬ್‌ಗಂತೂ ಇದೇ ಸರಿ. ದೊಡ್ಡ ತಳಿಗಳ ಮೂಳೆ ಪೂರ್ತಿ ಬೆಳೆದು ಗಟ್ಟಿಯಾಗಲು ಒಂದು, ಒಂದೂವರೆ ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಜಾಸ್ತಿ ಓಡಿಸುವುದು, ಎತ್ತರದಿಂದ ಹಾರಿಸುವುದು ಬೇಡ. ಹಿಮ ಕರಗಲು ರಸ್ತೆಗೆ ಉಪ್ಪು ಸುರಿಯುವ ಕಡೆ ಇದ್ದರೆ, ಬಂದ ತಕ್ಷಣ ಪಾದ ತೊಳೆದು ಬೆರಳ ಸಂದಿ ಒರೆಸಿ. ಇಲ್ಲದಿದ್ದರೆ ನೆಕ್ಕುತ್ತಲೇ ಕೂರುತ್ತವೆ.

ಊಟ ವಾಕಿಂಗ್ ಮುಗಿದು ಸ್ವಲ್ಪ ಹೊತ್ತಾದ ಮೇಲೆ. ಮನೆಯಲ್ಲೇ ಇರುತ್ತೀರಲ್ಲ, ಒಂದೇ ಸಲ ರಾಶಿ ಹಾಕುವ ಬದಲು ಎರಡು ಮೂರು ಪಾಲು ಮಾಡಿ ಕೊಡಿ. ಆಳವಾದ ಎದೆಯ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಭಯ ಇದ್ದೇ ಇದೆ. ದಿನಕ್ಕೊಂದೇ ದೊಡ್ಡ ಊಟ ಮತ್ತು ಗಬಗಬ ನುಂಗುವ ಅಭ್ಯಾಸ, ಎರಡೂ ಆ ಅಪಾಯ ಹೆಚ್ಚಿಸುತ್ತವೆ. ಹೊಟ್ಟೆ ಊದಿ, ವಾಂತಿಗೆ ಒದ್ದಾಡಿದರೂ ಏನೂ ಬರದಿದ್ದರೆ ಭಾನುವಾರ, ರಾತ್ರಿ ಅಂತ ನೋಡಬೇಡಿ. ಸೀದಾ ಡಾಕ್ಟರ್ ಹತ್ತಿರ ಹೊರಡಿ.

ಕಪ್ಪು ನಾಯಿಯ ಮನೆಯವರು:
ನಂದು ಚಿಕ್ಕ ಸಲಹೆ. ನಾಯಿಯ ಬಣ್ಣದ್ದೇ ಉಲ್ಲನ್ ತಗೊಳ್ಳಿ. ನಮ್ಮ ಮನೆಯಲ್ಲಿ ಹೆಣೆದ ಬಿಳಿ ಸ್ವೆಟರ್ ಅರ್ಧ ಉಣ್ಣೆ, ಅರ್ಧ ನಾಯಿ. ಪೂರ್ತಿ ಕಪ್ಪೂ ಬೇಡ, ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಕುಣಿಕೆ ಕಣ್ಣಿಗೆ ಕಾಣೋದಿಲ್ಲ. ಶೆಫರ್ಡ್ ಇದೆ ಅಂದಿರಿ, ಕಂದು ತಗೊಳ್ಳಿ.

ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು:
ಉಂಡೆ ಕಚ್ಚಿಕೊಂಡು ಓಡುತ್ತದೆ ಅಂದಿರಲ್ಲ, ಅದನ್ನು ತಮಾಷೆಯಾಗಿ ತಗೊಳ್ಳಬೇಡಿ. ನಾಯಿ ನುಂಗುವ ವಸ್ತುಗಳಲ್ಲಿ ನೂಲು ತುಂಬ ಕೆಟ್ಟದ್ದು. ಒಂದು ತುದಿ ನಾಲಿಗೆಯ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿಕೊಳ್ಳುತ್ತದೆ, ಉಳಿದದ್ದು ಕರುಳಿಗೆ ಇಳಿಯುತ್ತದೆ. ಕರುಳು ಅದನ್ನು ಮುಂದೆ ತಳ್ಳಲು ನೋಡುತ್ತದೆ, ಆ ತುದಿ ಬಿಡುವುದಿಲ್ಲ. ಆಗ ಲಾಡಿ ಎಳೆದ ಪೈಜಾಮದ ಹಾಗೆ ಕರುಳೇ ನೆರಿಗೆ ಕಟ್ಟುತ್ತದೆ. ಬಿಗಿಯಾದ ನೂಲು ಕರುಳನ್ನು ಕೊಯ್ದು ತೂತು ಮಾಡಲೂಬಹುದು. ಅಲ್ಲಿಗೆ ಬಂದರೆ ಆಪರೇಷನ್ನೇ ಗತಿ.

ಆದ್ದರಿಂದ ಬಾಯಿಂದಲೋ ಹಿಂದಿನಿಂದಲೋ ನೂಲು ನೇತಾಡುತ್ತಿದ್ದರೆ ಎಳೆಯಲೇಬೇಡಿ. ಮನೆಯಲ್ಲೇ ವಾಂತಿ ಮಾಡಿಸಲೂ ಹೋಗಬೇಡಿ. ನುಂಗಿದ್ದು ಕಂಡಿತು ಅಂದರೆ ಕಾಯದೆ ಫೋನ್ ಮಾಡಿ. ಕಾಣದಿದ್ದರೂ, ಉಂಡೆಯ ಒಂದು ತುಂಡು ಕಾಣೆಯಾಗಿದ್ದು ನಾಯಿ ಪದೇ ಪದೇ ವಾಂತಿ ಮಾಡುತ್ತಿದ್ದರೆ, ಊಟ ಬಿಟ್ಟು ಮಂಕಾಗಿದ್ದರೆ ಅದೇ ಅನುಮಾನ ಪಡಿ.

ಜಿಪ್ ಇರುವ ಚೀಲ ಇಟ್ಟುಕೊಳ್ಳಿ. ನೂಲು ಹೊರಬರಲು ಬೇಕಾದಷ್ಟು ಮಾತ್ರ ಜಿಪ್ ತೆರೆದಿರಲಿ. ಫೋನ್ ಬಂತು, ಬಾಗಿಲು ಬಡಿದರು, ಏನೇ ಇರಲಿ, ಎದ್ದರೆ ಕಡ್ಡಿ ಸಮೇತ ಎಲ್ಲವೂ ಚೀಲದೊಳಗೆ. ಕತ್ತರಿಸಿದ ತುದಿಗಳನ್ನು ಮುಚ್ಚಳ ಇರುವ ಡಬ್ಬಿಗೆ ಹಾಕಿ. ಗುರುತಿಗೆ ಹಾಕುವ ಪುಟ್ಟ ಉಂಗುರಗಳನ್ನೂ ಎಣಿಸಿಡಿ. ಇನ್ನೊಂದು, ಉಣ್ಣೆಗೆ ಹುಳ ಹಿಡಿಯಬಾರದು ಅಂತ ನುಸಿಗುಳಿಗೆ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ನ್ಯಾಫ್ತಲೀನ್ ನಾಯಿಗೆ ವಿಷ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಸಾಕು.

ಗ್ರೇಟ್ ಡೇನ್ ಸಾಕಿದವರು:
ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಮೇಜಿನ ಮೇಲಿಟ್ಟರೆ ಸಿಗುವುದಿಲ್ಲ ಅನ್ನುವುದು ಸಣ್ಣ ನಾಯಿ ಇರುವವರ ಮಾತು. ಗಂಡು ಡೇನ್ ಭುಜದ ಹತ್ತಿರವೇ 30 ಇಂಚು ಮುಟ್ಟುತ್ತದೆ, ಊಟದ ಮೇಜೂ ಅಷ್ಟೇ ಎತ್ತರ. ನಮ್ಮ ಮನೆಯಲ್ಲಿ ಚೀಲ ಗೋಡೆಯ ಮೊಳೆಗೆ ನೇತಾಡುತ್ತದೆ. ಬಿಸಿ ಕಪ್ಪನ್ನು ಬಾಲಕ್ಕೆ ಸಿಗದ ಕಡೆ ಇಡಬೇಕು, ಅದಂತೂ ನಿಮಗೆ ಗೊತ್ತೇ ಇದೆ ಅಲ್ವಾ.

ಉದ್ದ ನೇರ ಕಡ್ಡಿ ಬೇಡ. ಎರಡು ಗಿಡ್ಡ ಕಡ್ಡಿಗಳ ನಡುವೆ ಕೇಬಲ್ ಇರುವ ಸರ್ಕ್ಯುಲರ್ ತಗೊಳ್ಳಿ. ಕಂಬಳಿಯಂಥ ಅಗಲದ ಕೆಲಸಕ್ಕೆ ಅದೇ ಅನುಕೂಲ, ಭಾರವೆಲ್ಲ ಕೇಬಲ್ ಮೇಲೆ ಮಡಿಲಲ್ಲಿ ಕೂತಿರುತ್ತದೆ. ನಾಯಿ ತಲೆ ತೂರಿಸಿದಾಗ ಕಣ್ಣಿಗೆ, ಮೂತಿಗೆ ಚುಚ್ಚಲು ಉದ್ದನೆಯ ತುದಿಯೂ ಇರುವುದಿಲ್ಲ. ಎದ್ದು ಹೋಗುವಾಗ ಕುಣಿಕೆಗಳನ್ನೆಲ್ಲ ಕೇಬಲ್‌ಗೆ ಸರಿಸಿಬಿಡಿ. ಬಿದಿರಿನ ಕಡ್ಡಿಯಾದರೆ ಇನ್ನೂ ಹುಷಾರು, ಅಗಿದರೆ ಸೀಳುತ್ತದೆ.

ಇನ್ನು ಜೀವದಾರ. ನೂರೈವತ್ತು ಕುಣಿಕೆಯ ಸಾಲಿನ ಮಧ್ಯದಲ್ಲಿರುವಾಗ ಐವತ್ತು ಅರವತ್ತು ಕಿಲೋ ನಾಯಿ ಪ್ರೀತಿಯಿಂದ ಒರಗಿತು ಅಂದುಕೊಳ್ಳಿ. ಕಡ್ಡಿ ಜಾರಿ ಹೊರಗೆ, ಕುಣಿಕೆಗಳು ಗಾಳಿಯಲ್ಲಿ. ಅದಕ್ಕೇ ಪ್ರತಿ ಹತ್ತು ಹನ್ನೆರಡು ಸಾಲಿಗೊಮ್ಮೆ ಬೇರೆ ಬಣ್ಣದ ನುಣುಪಾದ ದಾರವನ್ನು ದಬ್ಬಳದಲ್ಲಿ ಪೋಣಿಸಿ, ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳೊಳಗೂ ಹಾಯಿಸಿ ಹಾಗೇ ಬಿಡಿ. ಏನಾದರೂ ಬಿಚ್ಚಿಕೊಂಡರೆ ಆ ದಾರದ ತನಕ ಮಾತ್ರ ಬಿಚ್ಚುತ್ತದೆ. ದಾರದ ಎರಡೂ ತುದಿ ಗಂಟು ಹಾಕಿ ಒಳಗೆ ಸಿಕ್ಕಿಸಿ, ಅದೂ ನಾಯಿ ಬಾಯಿಗೆ ಹೋಗಬಾರದಲ್ಲ.

ಕೇಳಿದವರು:
ಜೀವದಾರ ಕೇಳಿಯೇ ಇರಲಿಲ್ಲ! ನೂಲಿನ ವಿಷಯ ಓದಿ ಭಯವಾಯಿತು, ಚೀಲ ಇವತ್ತೇ ತೆಗೆದಿಟ್ಟೆ. ಇನ್ನೊಂದು ಪ್ರಶ್ನೆ. ಶೆಫರ್ಡ್ ಮೈ ಬಾಚಿದರೆ ಮೂಟೆಗಟ್ಟಲೆ ಕೂದಲು ಬರುತ್ತದೆ. ಅದನ್ನೇ ನೂಲು ಮಾಡಬಹುದಾ? ನಗಬೇಡಿ.

ನೂಲುವ ಹವ್ಯಾಸದವರು:
ನಗುವುದೇಕೆ, ಧಾರಾಳವಾಗಿ ಮಾಡಬಹುದು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕೋಸ್ಟ್ ಸೇಲಿಷ್ ಜನ ಉಣ್ಣೆಗೆಂದೇ ಒಂದು ತಳಿಯ ನಾಯಿ ಸಾಕುತ್ತಿದ್ದರು. ಅದರ ಕೂದಲಿಗೆ ಬೆಟ್ಟದ ಮೇಕೆಯ ಉಣ್ಣೆ ಬೆರೆಸಿ ಕಂಬಳಿ ನೇಯುತ್ತಿದ್ದರು. 1792ರಲ್ಲಿ ಆ ಕಡೆ ಹಡಗಿನಲ್ಲಿ ಹೋದ ಜಾರ್ಜ್ ವ್ಯಾಂಕೂವರ್, ಕುರಿಯ ಹಾಗೆ ಮೈ ಕತ್ತರಿಸಿದ ನಾಯಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಆ ತಳಿ ಈಗಿಲ್ಲ. 1859ರಲ್ಲಿ ಸತ್ತ ಒಂದು ನಾಯಿಯ ಚರ್ಮ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಅದರ ಹೆಸರು ಮಟನ್. ಇಟ್ಟವರು ರಸಿಕರೇ ಇರಬೇಕು.

ನಿಮಗೆ ಬೇಕಾದ್ದು ಮೆತ್ತನೆಯ ಒಳಗೂದಲು ಮಾತ್ರ. ಒರಟು ಹೊರಗೂದಲು ಆರಿಸಿ ತೆಗೆಯಿರಿ, ಇಲ್ಲದಿದ್ದರೆ ಚುಚ್ಚುತ್ತದೆ. ಶೆಫರ್ಡ್‌ನ ಒಳಗೂದಲು ಗಿಡ್ಡ, ಅದೊಂದರಿಂದಲೇ ನೂತರೆ ಎಳೆ ನಿಲ್ಲುವುದು ಕಷ್ಟ. ಜೊತೆಗೆ ನಾಯಿ ಕೂದಲಿಗೆ ಹಿಗ್ಗಿ ಕುಗ್ಗುವ ಗುಣ ಕಡಿಮೆ, ಸ್ವೆಟರ್ ಜೋತು ಬೀಳುತ್ತದೆ. ಅರ್ಧಕ್ಕರ್ಧ ಕುರಿ ಉಣ್ಣೆ ಬೆರೆಸಿದರೆ ಎರಡೂ ತೊಂದರೆ ತಪ್ಪುತ್ತವೆ. ಬೆಚ್ಚಗಿನ ವಿಷಯದಲ್ಲಿ ಮಾತಿಲ್ಲ, ಟೋಪಿ ಹಾಕಿದರೆ ಬೆವರುತ್ತೀರಿ. ಆದರೆ ಈಗಲೇ ಕೂದಲಿಗೋಸ್ಕರ ಬಾಚಿ ಬಾಚಿ ತೆಗೆಯಬೇಡಿ, ಚಳಿಗೆ ಅದೇ ಅದರ ಹೊದಿಕೆ. ಚಳಿ ಮುಗಿಯುವಾಗ ತಾನೇ ಕಂತೆ ಕಂತೆ ಉದುರುತ್ತದೆ, ಆಗ ಕೂಡಿಡಿ.

ಮುದಿ ಸೇಂಟ್ ಬರ್ನಾರ್ಡ್ ಇರುವವರು:
ಕುರ್ಚಿಯ ಪಕ್ಕ ಅವುಗಳಿಗೊಂದು ಜಾಗ ಮಾಡಿ. ದಪ್ಪ ಹಾಸಿಗೆ ಹಾಕಿ. ಭಾರದ ನಾಯಿ ಬರಿ ನೆಲದ ಮೇಲೆ ಮಲಗಿ ಮಲಗಿ ಮೊಣಕೈ ಚರ್ಮ ಗಟ್ಟಿಯಾಗುತ್ತದೆ, ವಯಸ್ಸಾದವಕ್ಕೆ ಚಳಿಯಲ್ಲಿ ಕೀಲೂ ಹಿಡಿದುಕೊಳ್ಳುತ್ತದೆ. ಹಾಸಿಗೆಯ ಮೇಲೆ ಸುಮ್ನೆ ಮಲಗಿದಾಗ ಮಾತಾಡದೆ ಒಂದು ತಿಂಡಿ ಚೂರು ಮುಂದೆ ಇಡಿ. ಎದ್ದು ಬಂದು ಕಾಡಿದಾಗ ಕೊಡಬೇಡಿ, ಅದನ್ನೇ ಕಲಿತುಬಿಡುತ್ತವೆ. ಮರಿಗೆ ಅಗಿಯಲು ಏನಾದರೂ ಬೇಕೇ ಬೇಕು. ಆಟಿಕೆಯೊಳಗೆ ಅದರ ಊಟವನ್ನೇ ತುಂಬಿ ಫ್ರೀಜರ್‌ನಲ್ಲಿಟ್ಟು ಕೊಡಿ, ಬಹಳ ಹೊತ್ತು ನೆಕ್ಕುತ್ತಾ ಬಿದ್ದಿರುತ್ತದೆ. ಶೆಫರ್ಡ್ ಹೀಟರ್ ಬಿಟ್ಟು ತಣ್ಣನೆ ಬಾಗಿಲ ಹತ್ತಿರ ಮಲಗಿದರೆ ಅಯ್ಯೋ ಅಂತ ಎಳೆದು ತರಬೇಡಿ, ಆ ಕೂದಲಿಗೆ ಅಲ್ಲೇ ಹಿತ.

ಗ್ರೇಹೌಂಡ್ ಸಾಕಿದವರು:
ಕಂಬಳಿ ಬದಲು ನಾಯಿಗೇ ಸ್ವೆಟರ್ ಅನ್ನುವ ಯೋಚನೆ ಬಂದರೆ, ನಿಮ್ಮವಕ್ಕೆ ಬೇಡ. ಎರಡು ಪದರ ಕೂದಲಿನ ನಾಯಿಗೆ ಸೆಕೆಯಾಗುತ್ತದೆ ಅಷ್ಟೇ. ನಮ್ಮಂಥ ತೆಳು ಕೂದಲಿನ ನಾಯಿಗೆ ಸರಿ, ಅದೂ ನಾವು ಎದುರಿಗಿದ್ದಾಗ ಮಾತ್ರ.

ಕಂಬಳಿಗಳನ್ನೇ ಹೆಣೆಯುವವರು:
ಒಂದೇ ದೊಡ್ಡ ತುಂಡಾಗಿ ಹೆಣೆಯಬೇಡಿ ಅನ್ನುವುದು ನನ್ನ ಮಾತು. ಅರ್ಧ ಆಗುವಷ್ಟರಲ್ಲಿ ಅದು ಮಡಿಲಿಂದ ನೆಲಕ್ಕೆ ಇಳಿದಿರುತ್ತದೆ, ಶೆಫರ್ಡ್ ಅದರ ಮೇಲೆ ಮಲಗಿರುತ್ತದೆ. ಮೂವತ್ತೈದು ಕಿಲೋ ಅಡಿಯಿಂದ ಇನ್ನೊಂದು ಸಾಲು ಎಳೆಯಲು ಆಗುತ್ತದೆಯೇ? ಅಂಗೈಯಗಲ, ಎರಡಂಗೈಯಗಲದ ಚೌಕಗಳನ್ನು ಹೆಣೆದು ಕೊನೆಗೆ ಹೊಲಿದು ಸೇರಿಸಿ. ಒಂದು ಚೌಕಕ್ಕೆ ಕಡಿಮೆ ಕುಣಿಕೆ, ಡೇನ್ ಮನೆಯವರು ಹೇಳಿದ ಜೀವದಾರವೂ ಅಷ್ಟಾಗಿ ಬೇಕಾಗುವುದಿಲ್ಲ. ಎಲ್ಲ ಸಾಲೂ ಬರೀ ಸೀದಾ ಹೆಣಿಗೆ ಇರಲಿ, ನಾಯಿ ಹೊರಗೆ ಹೋಗಬೇಕು ಅಂದಾಗ ಎಲ್ಲಿ ಬೇಕಾದರೂ ಇಟ್ಟು ಏಳಬಹುದು. ಮಷಿನ್‌ಗೆ ಹಾಕಬಹುದು ಅಂತ ಲೇಬಲ್ ಇರುವ ಉಲ್ಲನ್ನೇ ತಗೊಳ್ಳಿ. ಸಾದಾ ಕುರಿ ಉಣ್ಣೆ ಬಿಸಿ ನೀರಲ್ಲಿ ತಿರುಗಿದರೆ ಕುಗ್ಗಿ ಗಟ್ಟಿಯಾಗುತ್ತದೆ, ನಾಯಿ ಮನೆಯ ಕಂಬಳಿಯನ್ನು ಕೈಯಲ್ಲಿ ಒಗೆಯುತ್ತಾ ಕೂರಲು ಯಾರಿಗೆ ಪುರಸೊತ್ತು? ತೂತು ತೂತಿನ ಡಿಸೈನ್ ಮಾತ್ರ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ.