ಮೋಡದೊಳಗೆ ಹೊಕ್ಕ ಸಣ್ಣ ವಿಮಾನ: ಎಂಜಿನ್ ಸರಿಯಿದ್ದರೂ ಬೀಳೋದೇಕೆ?

ಪ್ರಶ್ನೆ (ಜಕ್ಕೂರಿನ ಕಲಿಕೆಯ ಪೈಲಟ್): 1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ಓಡಿಸುತ್ತಿದ್ದ ಪೈಪರ್ ಸಾರಟೋಗಾ ಎಂಬ ಸಣ್ಣ ವಿಮಾನ ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಹತ್ತಿರ ಸಮುದ್ರಕ್ಕೆ ಬಿದ್ದು ಮೂವರು ತೀರಿಕೊಂಡರು. ಎಂಜಿನ್‌ನಲ್ಲಿ ದೋಷವಿರಲಿಲ್ಲವಂತೆ. ಮತ್ತೆ ಬಿದ್ದಿದ್ದು ಹೇಗೆ ಸರ್?

ಬೋಧಕರು: ಮುಸುಕು, ಕತ್ತಲು, ಕೆಳಗೆ ನೀರು. ದಿಗಂತವೇ ಕಾಣದಿದ್ದಾಗ ಪೈಲಟ್ ಕಿವಿಯನ್ನು ನಂಬುತ್ತಾನೆ. ಒಳಗಿವಿಯ ನಾಳದ ದ್ರವ ತಿರುವು ಶುರುವಾದಾಗಷ್ಟೇ ಸುದ್ದಿ ಕೊಡುತ್ತದೆ. ಒಂದೇ ಸಮ ಇಪ್ಪತ್ತು ಸೆಕೆಂಡು ಸುತ್ತಿದರೆ ಸುಮ್ಮನಾಗುತ್ತದೆ. ಆಮೇಲೆ ರೆಕ್ಕೆ ಸಮ ಮಾಡಿದರೆ ಎದುರು ಕಡೆ ವಾಲಿದ ಹಾಗನ್ನಿಸಿ ಮತ್ತೆ ಹಳೇ ವಾಲಿಕೆಗೇ ತರುತ್ತಾನೆ. ಮೂಗು ಇಳಿಯುತ್ತದೆ, ವೇಗ ಏರುತ್ತದೆ. ಗಾಬರಿಯಲ್ಲಿ ಕಂಟ್ರೋಲ್ ಹಿಂದಕ್ಕೆಳೆದರೆ ಸುರುಳಿ ಇನ್ನೂ ಬಿಗಿಯಾಗುತ್ತದೆ. ಆ ವಿಮಾನ ಕೊನೆಗೆ ನಿಮಿಷಕ್ಕೆ 4,700 ಅಡಿಗೂ ಹೆಚ್ಚು ವೇಗದಲ್ಲಿ ಇಳಿಯುತ್ತಿತ್ತು. ಬಿಡಿಸಿಕೊಳ್ಳುವ ಕ್ರಮ: ಮೊದಲು ಥ್ರಾಟಲ್ ಇಳಿಸಿ, ಆಮೇಲೆ ರೆಕ್ಕೆ ಸಮ ಮಾಡಿ, ಕೊನೆಗೆ ಮೂಗನ್ನು ಮೆಲ್ಲಗೆ ಎತ್ತಿ.

ಪ್ರಶ್ನೆ: ನಂದಿಬೆಟ್ಟದ ಕಡೆ ಹೋಗಬಹುದೋ ಇಲ್ಲವೋ ನೆಲದ ಮೇಲೇ ತಿಳಿಯೋದು ಹೇಗೆ?

ಬೋಧಕರು: ವಿಮಾನ ನಿಲ್ದಾಣದ ಹವಾಮಾನ ವರದಿ ಮೆಟಾರ್‌ನಲ್ಲಿ 24/20 ಎಂದಿದೆ ಅಂದುಕೊಳ್ಳಿ. ಉಷ್ಣಾಂಶ 24, ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ) 20, ಅಂತರ 4 ಡಿಗ್ರಿ ಸೆಲ್ಸಿಯಸ್. ಅದಕ್ಕೆ 400ರಿಂದ ಗುಣಿಸಿ. ಮೋಡದ ತಳ ನೆಲದಿಂದ ಸುಮಾರು 1,600 ಅಡಿ. ಕಣ್ಣಳತೆಯಲ್ಲಿ ಹಾರುವ ನಿಯಮದ 1,500 ಅಡಿ ದಾಟಿತು ಅಂತ ಖುಷಿಪಡಬೇಡಿ. ಜಕ್ಕೂರಿನ ನೆಲವೇ ಸಮುದ್ರಮಟ್ಟದಿಂದ 3,000 ಅಡಿಯಲ್ಲಿದೆ, ತಳ 4,600ಕ್ಕೆ ಬಂತು. ನಂದಿಯ ತಲೆ 4,850. ಬೆಟ್ಟ ಮೋಡದೊಳಗಿದೆ! ಮಧ್ಯಾಹ್ನದ ಗುಡ್ಡೆಮೋಡಕ್ಕೆ ಮಾತ್ರ ಈ ಲೆಕ್ಕ. ಡಿಸೆಂಬರ್ ಮುಂಜಾವಿನಲ್ಲಿ ಅಂತರ 2ಕ್ಕಿಳಿದು ಗಾಳಿ ನಿಂತಿದ್ದರೆ ಮಂಜು ಕವಿಯಬಹುದು, ಹ್ಯಾಂಗರ್ ಬಾಗಿಲೇ ತೆಗೆಯಬೇಡಿ.

ಪ್ರಶ್ನೆ: ಒಳಗೆ ಹೊಕ್ಕೇಬಿಟ್ಟರೆ?

ಬೋಧಕರು: ಕತ್ತು ಆಡಿಸಬೇಡಿ, ಕಣ್ಣು ಮೀಟರಿನ ಮೇಲಿರಲಿ. ತಿರುವಿನ ವೇಗ ತೋರಿಸುವ ಟರ್ನ್ ಕೋಆರ್ಡಿನೇಟರಿನ ಪುಟ್ಟ ವಿಮಾನದ ರೆಕ್ಕೆತುದಿಯನ್ನು ಗುರುತಿಗೆ ಕೂರಿಸಿ, ಅರವತ್ತು ಸೆಕೆಂಡು ಎಣಿಸಿ: ಬಂದ ದಾರಿಗೆ ತಿರುಗಿರುತ್ತೀರಿ. 90 ನಾಟ್ ವೇಗಕ್ಕೆ ಸುಮಾರು 15 ಡಿಗ್ರಿ ವಾಲಿಕೆ ಸಾಕು.

ನಿರ್ವಹಣಾ ಎಂಜಿನಿಯರ್: ಒಂದು ಸೇರಿಸ್ತೀನಿ. ಹಳೇ ಸೆಸ್ನಾ 172ರಲ್ಲಿ ವಿಮಾನದ ವಾಲಿಕೆ, ಮೂಗಿನ ಏರಿಳಿತ ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ನಡೆಯೋದು ಗಾಳಿ ಹೀರುವ ವ್ಯಾಕ್ಯೂಮ್ ಪಂಪಿನಿಂದ, ಟರ್ನ್ ಕೋಆರ್ಡಿನೇಟರ್ ಕರೆಂಟಿನಿಂದ. ಪಂಪು ಸತ್ತರೂ ಇಂಡಿಕೇಟರಿನೊಳಗೆ ತಿರುಗುವ ಚಕ್ರ, ಅಂದರೆ ಗೈರೋ, ತಟ್ಟನೆ ನಿಲ್ಲೋಲ್ಲ, ಮೆಲ್ಲಗೆ ವಾಲುತ್ತಾ ಸುಳ್ಳು ತೋರಿಸುತ್ತದೆ. ಹೊರಡುವ ಮೊದಲು ಪಂಪಿನ ಹೀರುವಿಕೆ ತೋರಿಸುವ ಸಕ್ಷನ್ ಗೇಜು ಸುಮಾರು 5 ಇಂಚು (ಪಾದರಸ) ಇದೆಯೇ ನೋಡಿ. ಆಕಾಶದಲ್ಲಿ ಪಂಪು ಕೆಟ್ಟರೆ ಆಟಿಟ್ಯೂಡ್ ಇಂಡಿಕೇಟರಿನ ಮುಖದ ಮೇಲೆ ಚೀಟಿ ಅಂಟಿಸಿ ಮುಚ್ಚಿಬಿಡಿ. ಇಲ್ಲದಿದ್ದರೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.